ಖಾನಾವಳಿಯ ಯಜಮಾನಿ

ಪಿಟ್ಟವ್ವೆಯ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಮಧುರೆಯಲ್ಲಿ ಪಿಟ್ಟು ಬೇಯಿಸಿ ಮಾರಿ ಜೀವಿಸುತ್ತಿದ್ದ ಒಂಟಿ ಮುದುಕಿ ಆಕೆ. ಹೊಳೆ ಉಕ್ಕಿ ಬಂದಾಗ ಮನೆಗೊಬ್ಬರಂತೆ ಕಟ್ಟೆಗೆ ಮಣ್ಣು ಹೊರಬೇಕೆಂದು ಅರಸನ ಕಟ್ಟಳೆಯಾಯಿತು. ಹೊರುವವರು ಯಾರೂ ಇಲ್ಲದ ಮುದುಕಿಯ ಪಾಲಿಗೆ ಶಿವನೇ ಕೂಲಿಯಾಳಾಗಿ ಬಂದ. ಕೂಲಿಯೆಂದು ಪಿಟ್ಟನ್ನೇ ತಿಂದ. ತಮಿಳು ನಾಡಿನ ಈ ಕಥೆಯನ್ನು ನಮ್ಮ ವೀರಶೈವ ಪುರಾಣಗಳೂ ತಮ್ಮದಾಗಿಸಿಕೊಂಡವು. ಕಥೆಯ ಗುರಿ ಭಕ್ತಿಯ ಮಹಿಮೆ, ನಿಜ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಅದರಲ್ಲಿ ಮತ್ತೊಂದು ಸಂಗತಿ ಕಾಣುತ್ತದೆ. ಬೇಯಿಸಿದ್ದನ್ನು ಮಾರಿ ತನ್ನ ಒಲೆಯನ್ನು ತಾನೇ ಉರಿಸಿಕೊಳ್ಳುತ್ತಿದ್ದ ಹೆಂಗಸು ಪೇಟೆಗೆ ಹೊಸಬಳಲ್ಲ. ಅರಸನ ಬಿಟ್ಟಿಗೂ ಅವಳು ಲೆಕ್ಕದೊಳಗಿನವಳೇ.

ಹಾಗಿದ್ದೂ ಅನ್ನವನ್ನು ದಾನಮಾಡಿದವಳಿಗೆ ಸಂದ ಗೌರವ ಅನ್ನವನ್ನು ಮಾರಿದವಳಿಗೆ ಸಲ್ಲಲಿಲ್ಲ. ಛತ್ರ ಕಟ್ಟಿಸಿದ ಅರಸಿಯರಿಗೆ ಕೀರ್ತಿಯುಂಟು. ಅನ್ನವಿಕ್ರಯವೆಂಬ ಮಾತಿನಲ್ಲಿಯೇ ಒಂದು ಬಗೆಯ ತಿರಸ್ಕಾರವಿತ್ತು. ಗಂಡಸರ ಪಾಲಿಗೆ ಈ ತಿರಸ್ಕಾರವನ್ನು ಕಳಚಿಹಾಕಿದ್ದು ನಮ್ಮ ಉಡುಪಿಯ ಹೋಟೆಲುಗಳು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗಿನಂತಹವು ಕನ್ನಡಿಗರ ಹೆಮ್ಮೆಯಾದವು. ಆದರೆ ಈ ಹೋಟೆಲುಗಳ ಲೋಕವೆಲ್ಲ ಗಂಡಸರದು. ಅಡಿಗೆಯ ಭಟ್ಟರು, ಬಡಿಸುವವರು, ಲೋಟ ತೊಳೆಯುವ ಮಾಣಿ, ಗಲ್ಲಾಪೆಟ್ಟಿಗೆಯ ಮುಂದಿನ ಧಣಿ, ಎಲ್ಲರೂ ಗಂಡಸರೇ. ಹುಡುಗರು ರಾತ್ರಿ ಅಲ್ಲಿಯೇ ಮಲಗುತ್ತಿದ್ದರು. ಮಡಿಯ ಕಟ್ಟುಪಾಡು ಬೇರೆ. ಮನೆಯಲ್ಲಿ ಒಲೆಯನ್ನು ಹೆಣ್ಣಿನ ಜನ್ಮಸಿದ್ಧ ಹಕ್ಕೆಂದು ಹೊಗಳುವ ಸಮಾಜ, ಅದೇ ಒಲೆಯಿಂದ ಹಣ ಹುಟ್ಟತೊಡಗಿದ ಕೂಡಲೆ ಅವಳನ್ನು ಹೊರಗಿಟ್ಟದ್ದು ವಿಚಿತ್ರವಲ್ಲವೆ?

ಅದೇ ಮುಂಬಯಿಯಲ್ಲಿ, ಮಾಟುಂಗಕ್ಕೆ ಅಷ್ಟೇನೂ ದೂರವಲ್ಲದ ಪರೇಲ್, ಲಾಲ್‌ಬಾಗುಗಳ ಗಿರಣಿಗಳ ಕೇರಿಯಲ್ಲಿ ಬೇರೊಂದು ಉದ್ಯಮ ನಡೆದಿತ್ತು. ಅದಕ್ಕೆ ಫಲಕವಿರಲಿಲ್ಲ. 1854ರಲ್ಲಿ ಮೊದಲ ಹತ್ತಿಗಿರಣಿಯ ಸ್ಥಾಪನೆಯಾದಂದಿನಿಂದ ಕೊಂಕಣದಿಂದಲೂ ಘಟ್ಟದ ಮೇಲಿನಿಂದಲೂ ಗಂಡಸರು ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬರುತ್ತಲೇ ಇದ್ದರು. ಒಂದೊಂದು ಕೋಣೆಯಲ್ಲಿ ಹತ್ತಾರು ಮಂದಿಯ ವಾಸ. ಇವರಿಗೆ ಊಟ ಹಾಕಿದವರು ಖಾನಾವಳಿಯ ಹೆಂಗಸರು. ಖಾನಾವಳಿ ಎಂಬ ಮಾತು ನಮ್ಮ ಹುಬ್ಬಳ್ಳಿ ಧಾರವಾಡಗಳಿಗೂ ಚಿರಪರಿಚಿತ. ಮುಂಬಯಿಯ ಚಾಳಿನಲ್ಲಿ ಮಾತ್ರ ಅದು ಪ್ರತ್ಯೇಕ ಸ್ಥಳವಲ್ಲ. ಗಂಡ, ಮಕ್ಕಳು, ಅತ್ತೆ ಎಲ್ಲರೂ ಮಲಗುವ ಕೋಣೆಯೇ ಅಡಿಗೆಮನೆ, ಅದೇ ಉಗ್ರಾಣ, ಅದೇ ಪಂಕ್ತಿಯ ಜಾಗ. ಮೊದಲ ಪಾಳಿಯವರ ಬುತ್ತಿ ಸಿದ್ಧವಾಗಬೇಕಾದರೆ ಬೆಳಗಿನ ಜಾವಕ್ಕೆ ಮುಂಚೆ ಒಲೆ ಹೊತ್ತಬೇಕು.

ಈ ವ್ಯಾಪಾರದ ಒಳಗುಟ್ಟು ಅದರ ಲೆಕ್ಕದಲ್ಲಿದೆ. ಉಂಡವರು ಹಣ ಕೊಡುವುದು ತಿಂಗಳ ಸಂಬಳ ಕೈಗೆ ಬಂದ ಮೇಲೆ. ಅಕ್ಕಿ, ಬೇಳೆ, ಎಣ್ಣೆಯಾದರೋ ಇಂದೇ ಬೇಕು. ಆದುದರಿಂದ ಆಕೆ ಕಿರಾಣಿ ಅಂಗಡಿಯವನಲ್ಲಿ ಉದ್ರಿ ಬರೆಸುತ್ತಿದ್ದಳು. ಉದ್ರಿಯ ಗಿರಾಕಿಗೆ ಧಾನ್ಯ ಕಳಪೆ, ಬೆಲೆ ಹೆಚ್ಚು; ಸಾಲ ತೀರದೆ ಅಂಗಡಿ ಬದಲಿಸುವಂತಿಲ್ಲ. ಕೈ ತೀರ ಕಟ್ಟಿದಾಗ ತಾಳಿಯೋ ಪಾತ್ರೆಯೋ ಅಡವಿಗೆ ಹೋಗುತ್ತಿತ್ತು. ಇಡೀ ಗಿರಣಿ ಉದ್ಯಮ ಇವಳ ಉದ್ರಿಯ ಮೇಲೆ ನಿಂತಿತ್ತೆಂದರೆ ಅತಿಶಯೋಕ್ತಿಯಾಗಬಹುದು. ಆದರೆ ತುಂಬ ದೊಡ್ಡ ಅತಿಶಯೋಕ್ತಿಯಲ್ಲ. ಮುಷ್ಕರ ನಡೆದಾಗ ಕಾರ್ಮಿಕನಿಗೆ ಸಂಘವಿತ್ತು, ಬಾವುಟವಿತ್ತು. ಅವನಿಗೆ ಸಾಲದ ಮೇಲೆ ಊಟ ಹಾಕಿದವಳು ಯಾವ ಸಂಘದ ಸದಸ್ಯಳೂ ಅಲ್ಲ, ಯಾವ ಕಾಯಿದೆಯ ಲೆಕ್ಕದಲ್ಲಿಯೂ ನೌಕರಳಲ್ಲ.

ಇದನ್ನು ಕಂಡವರು ಪ್ರೇಮಾ ಪುರವ್. ಗೋವೆಯ ವಿಮೋಚನಾ ಹೋರಾಟದಲ್ಲಿ ಪಾಲ್ಗೊಂಡು, ಅನಂತರ ಮುಂಬಯಿಯ ಕಾರ್ಮಿಕ ಚಳವಳಿಯಲ್ಲಿ ದುಡಿದ ಮಹಿಳೆ. 1975ರಲ್ಲಿ ಅವರು ಅನ್ನಪೂರ್ಣಾ ಮಹಿಳಾ ಮಂಡಳವನ್ನು ಸ್ಥಾಪಿಸಿದರು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಗಿತ್ತಷ್ಟೆ. ಬಡವರಿಗೂ ಸಾಲವೆಂಬ ಸರಕಾರದ ಮಾತನ್ನು ಪ್ರೇಮಾ ಅವರು ಅಕ್ಷರಶಃ ನಂಬಿ, ಖಾನಾವಳಿಯ ಹೆಂಗಸರನ್ನು ಕರೆದುಕೊಂಡು ಬ್ಯಾಂಕಿನ ಮೆಟ್ಟಲು ಹತ್ತಿದರು. ಆಸ್ತಿಯಿಲ್ಲದವರಿಗೆ ಜಾಮೀನು ಯಾರು? ಒಬ್ಬರಿಗೊಬ್ಬರು ಎಂಬುದೇ ಉತ್ತರ. ಹೆಂಗಸರು ಗುಂಪು ಕಟ್ಟಿಕೊಂಡರು, ಗುಂಪಿಗೊಬ್ಬ ಮುಂದಾಳು. ಕಂತು ವಸೂಲು ಮಾಡುವುದು, ಹೊಸಬಳ ಯೋಗ್ಯತೆಯನ್ನು ಅಳೆಯುವುದು, ತಪ್ಪಿದವಳ ಮನೆಗೆ ಹೋಗಿ ವಿಚಾರಿಸುವುದು ಅವಳ ಹೊಣೆ. ಹೆಬ್ಬೆಟ್ಟೊತ್ತುತ್ತಿದ್ದ ಕೈ ರುಜು ಹಾಕಲು ಕಲಿಯಿತು. ನಾಯಕತ್ವವೆಂದರೆ ವೇದಿಕೆಯ ಮೇಲಿನ ಕುರ್ಚಿಯೆಂದು ತಿಳಿದವರು ಈ ಕಂತಿನ ಪುಸ್ತಕಗಳನ್ನು ಒಮ್ಮೆ ನೋಡಬೇಕು.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರ ಮೊದಲಾಯಿತು. ಅದು ಗೆಲ್ಲಲೂ ಇಲ್ಲ, ವಿಧಿವತ್ತಾಗಿ ಮುಗಿಯಲೂ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಉಣ್ಣುವವರೇ ಊರಿಗೆ ಹಿಂದಿರುಗಿದ ಮೇಲೆ ಖಾನಾವಳಿಯ ಗತಿಯೇನು? ಎಷ್ಟೋ ಒಲೆಗಳು ಆರಿದವು. ಆದರೆ ಮಂಡಳ ಉಳಿಯಿತು. ಸಾಲದ ಜೊತೆಗೆ ದೊಡ್ಡ ಪ್ರಮಾಣದ ಅಡಿಗೆಯ ಗುತ್ತಿಗೆಯನ್ನೂ ಹಿಡಿಯಿತು. ವಾಶಿಯಲ್ಲಿ ದುಡಿಯುವ ಹೆಂಗಸರಿಗಾಗಿ ವಸತಿಗೃಹ ನಡೆಸಿತು. 2002ರಲ್ಲಿ ಪ್ರೇಮಾ ಪುರವ್ ಅವರಿಗೆ ಪದ್ಮಶ್ರೀ ಸಂದಿತು.

ಅನ್ನಪೂರ್ಣೆಯ ಹೆಸರು ಮುಂಬಯಿಗೆ ಅದಕ್ಕೂ ಮುಂಚೆಯೇ ಬಂದಿತ್ತು. ಕನ್ನಯ್ಯಲಾಲ ಮುನ್ಶಿಯವರು ಕೇಂದ್ರದ ಆಹಾರಮಂತ್ರಿಗಳಾಗಿದ್ದ ಬರಗಾಲದ ದಿನಗಳವು. ಅವರ ಪತ್ನಿ ಲೀಲಾವತಿ ಮುನ್ಶಿ, ಸ್ವತಃ ಗುಜರಾತಿಯ ಒಳ್ಳೆಯ ಲೇಖಕಿ, ಮಹಿಳಾ ಆಹಾರ ಮಂಡಳಿಯ ಮೂಲಕ ‘ಅನ್ನಪೂರ್ಣಾ’ ಹೆಸರಿನ ಉಪಾಹಾರಗೃಹಗಳನ್ನು ತೆರೆಸಿದರು. ಅದೇ ಮಂಡಳಿಯ ಯತ್ನದಿಂದ 1954ರಲ್ಲಿ ಮುಂಬಯಿಯಲ್ಲಿ ಹೋಟೆಲು ವಿದ್ಯೆಯನ್ನು ಕಲಿಸುವ ಕಾಲೇಜು ಹುಟ್ಟಿತು. ಅಲ್ಲಿಯ ಪ್ರಾಂಶುಪಾಲರಾಗಿ ಹೆಸರಾದವರು ತಂಗಂ ಫಿಲಿಪ್. ಅವರ ‘ಮಾಡರ್ನ್ ಕುಕರಿ’ ಹೋಟೆಲು ವಿದ್ಯಾರ್ಥಿಗಳಿಗೆ ಪಠ್ಯವಾಯಿತು. ಅವರಿಗೂ 1976ರಲ್ಲಿ ಪದ್ಮಶ್ರೀ ಬಂತು. ಆ ಗ್ರಂಥದ ಪೂರ್ಣ ಶೀರ್ಷಿಕೆಯಲ್ಲಿ ಬೋಧನೆ, ವ್ಯಾಪಾರ ಎರಡೂ ಮಾತುಗಳಿವೆ. ಅಜ್ಜಿಯ ಕೈಯಳತೆಯ ವಿದ್ಯೆಯನ್ನು ತೂಕಕ್ಕಿಳಿಸಿ, ಪಟ್ಟಿ ಮಾಡಿ, ಗಂಡು ಹುಡುಗರಿಗೂ ಪಾಠ ಹೇಳಿದವಳು ಒಬ್ಬ ಹೆಂಗಸು. ಹೋಟೆಲಿನವರು ತಮ್ಮ ಅಡಿಗೆಮನೆಯ ಬಾಗಿಲು ತೆರೆಯಲಿಲ್ಲ. ಅಡಿಗೆಮನೆಗೆ ಬರಬೇಕಾದವರನ್ನು ಈಕೆ ತರಗತಿಯಲ್ಲೇ ತಿದ್ದಿ ಕಳುಹಿಸಿದರು.

ಉಡುಪಿಯ ಪರಂಪರೆಯಲ್ಲಿಯೂ ಕಾಲ ಹೊರಳಿದೆ. ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ತಂದೆ ತೀರಿಕೊಂಡ 1999ರಲ್ಲಿ ಅದರ ಹೊಣೆ ಹೊತ್ತವರು ಮೂರನೆಯ ತಲೆಮಾರಿನ ಹೇಮಮಾಲಿನಿ ಮಯ್ಯ. ಜೊತೆಗೆ ಅವರ ಇಬ್ಬರು ತಮ್ಮಂದಿರು. ಇದು ವಂಶದಿಂದ ಬಂದ ಅಧಿಕಾರವೆನ್ನಬಹುದು. ಆದರೆ ಅದೇ ವಂಶಪಾರಂಪರ್ಯದ ನಿಯಮ ಅಷ್ಟು ವರ್ಷ ಗಂಡುಮಕ್ಕಳನ್ನು ಮಾತ್ರ ಗುರುತಿಸುತ್ತಿತ್ತಲ್ಲ! 2013ರಲ್ಲಿ ಆ ಹೋಟೆಲಿನ ಶಾಖೆ ಸಿಂಗಪುರದಲ್ಲಿಯೂ ತೆರೆಯಿತು.

ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ಜೋಳದ ರೊಟ್ಟಿ ಬಡಿಯುವವರು ಇಂದಿಗೂ ಬಹುಮಟ್ಟಿಗೆ ಹೆಂಗಸರೇ. ಊಟಕ್ಕೆ ಕುಳಿತವರಿಗೆ ಒಳಗಿನಿಂದ ಆ ಸದ್ದು ಕೇಳಿಸುತ್ತದೆ. ಹಣ ಎಣಿಸಿಕೊಳ್ಳುವ ಮೇಜಿನ ಹಿಂದೆಯೂ ಕೆಲವೆಡೆ ಅವರನ್ನೇ ಕಾಣಬಹುದು. ಎಲ್ಲ ಕಡೆಯಲ್ಲ.