ಎರಡು ಬಗೆಯ ಕೆಂಪು

ಬ್ರಿಟಿಷ್ ಸೈನ್ಯ ಅಂದಕೂಡಲೇ ನಮ್ಮ ಚರಿತ್ರೆಕಾರರು 'ಕೆಂಪು ಕೋಟಿನವರು' ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಆದರೆ ಆ ಕೆಂಪು ಒಂದಲ್ಲ, ಎರಡು. ವಿಕ್ಟೋರಿಯಾ ಕಾಲದ ಪದಾತಿ ಅಧಿಕಾರಿಯ ಕೋಟನ್ನು ನಾನು ಓದಲು ಹೊರಟಿರುವುದು ಈ ಕಾರಣಕ್ಕೇ.

ಅಧಿಕಾರಿಯ ನುಣುಪು ಉಣ್ಣೆಬಟ್ಟೆಗೆ ಹಾಕುತ್ತಿದ್ದದ್ದು ಕೊಚಿನೀಲ್ ಹುಳುವಿನ ಬಣ್ಣ. ಮೆಕ್ಸಿಕೋದಂಥ ಕಡೆ ಕಳ್ಳಿಗಿಡದ ಮೇಲಿಂದ ಕೈಯಲ್ಲೇ ಆಯ್ದು ಒಣಗಿಸಿದ ಸುಮಾರು 70,000 ಹುಳು ಸೇರಿದರೆ ಒಂದು ಪೌಂಡು. ಸಿಪಾಯಿಯ ಒರಟು ಬಟ್ಟೆಗೆ ಮಂಜಿಷ್ಠದ ಬಳಗದ ಬೇರಿನ ಅಗ್ಗದ ಬಣ್ಣ. ಬಿಸಿಲು ಮಳೆಗೆ ಅದು ಇಟ್ಟಿಗೆಯ ಹಾಗೆ ಮಾಸುತ್ತಿತ್ತು. ದೂರದಿಂದಲೇ ದೊರೆ ಯಾರು, ಆಳು ಯಾರು ಅಂತ ಗೊತ್ತಾಗ್ತಿತ್ತು. 1870ರ ದಶಕದವರೆಗೂ ಈ ಭೇದ ನಡೆಯಿತು.

1855ರಲ್ಲಿ, ಕ್ರಿಮಿಯಾ ಯುದ್ಧದ ನಡುವೆ, ಹಿಂದೆ ಬಾಲವಿದ್ದ ಹಳೆಯ ಕೋಟು ಹೋಗಿ ಸೊಂಟದ ಕೆಳಗೆ ಸುತ್ತಲೂ ಇಳಿಬೀಳುವ ಟ್ಯೂನಿಕ್ ಬಂತು. ಮೊದಲು ಎರಡು ಸಾಲು ಗುಂಡಿ, ಮರುವರ್ಷವೇ ಒಂದು ಸಾಲು. ಕಾಲರು ಮತ್ತು ತೋಳಿನ ತುದಿಗೆ ರೆಜಿಮೆಂಟಿನ ಬಣ್ಣ. ಕಾಲರಿನ ಮೇಲೆ ಪದವಿಯ ಗುರುತು: ಎನ್‌ಸೈನನಿಗೆ ನಕ್ಷತ್ರ, ಲೆಫ್ಟಿನೆಂಟನಿಗೆ ಕಿರೀಟ, ಕ್ಯಾಪ್ಟನ್ನನಿಗೆ ಎರಡೂ. ಕರ್ನಲ್‌ನಿಗೂ ಅವೇ ಎರಡು. ಅವನನ್ನು ಮೇಲಕ್ಕೆತ್ತಿದ್ದು ಹೆಚ್ಚುವರಿ ಜರಿಪಟ್ಟಿ. 1880ರಲ್ಲಿ ಈ ಗುರುತುಗಳು ಭುಜಕ್ಕೆ ಏರಿದವು.

ಇದೂ ಜಾತಿಯೇ ಅಲ್ಲವಾ ಅಂತ ಕೇಳುವವರಿದ್ದಾರೆ. ಅಲ್ಲ. ಪದಾತಿ ಮತ್ತು ಅಶ್ವದಳಗಳಲ್ಲಿ 1871ರವರೆಗೆ ಅಧಿಕಾರಿಯ ಪದವಿಯನ್ನೇ ದುಡ್ಡು ಕೊಟ್ಟು ಕೊಳ್ಳಬಹುದಿತ್ತು. ದುಡ್ಡಿದ್ದವನಿಗೆ ದಕ್ಕುತ್ತಿದ್ದ ಮೇಲು ಅದು. ಜಾತಿಯನ್ನು ಯಾವ ಅಂಗಡಿಯಲ್ಲಿ ಕೊಳ್ಳೋದು? ವರ್ಗವೇ ಎಲ್ಲಾ ಎನ್ನುವ ನಮ್ಮ ಪ್ರಗತಿಪರ ವಿಮರ್ಶಕರು ಈ ವ್ಯತ್ಯಾಸವನ್ನು ಗಮನಿಸಬೇಕು. ಹಾಗಂತ ಆ ಸಮಾಜವನ್ನು ಹೊಗಳಬೇಕಾಗಿಯೂ ಇಲ್ಲ. 1849ರಲ್ಲಿ 'ಮಾರ್ನಿಂಗ್ ಕ್ರಾನಿಕಲ್' ಪತ್ರಿಕೆಗೆ ಹೆನ್ರಿ ಮೇಹ್ಯೂ ಬರೆದ ವರದಿಗಳಲ್ಲಿ, ಹೊಟ್ಟೆಗೆ ಸಾಲದ ಕೂಲಿಗೆ ಸೈನಿಕರ ಬಟ್ಟೆ ಹೊಲಿಯುವ ಲಂಡನ್ನಿನ ಬಡ ಹೆಂಗಸರಿದ್ದಾರೆ. ಕೋಟಿನ ಹೊರಮೈ ಮೇಲೆ ಅವರ ಗುರುತು ಒಂದೂ ಇಲ್ಲ.

ಇದೇ ಕೆಂಪು ಬೊಂಬಾಯಿ ಸೈನ್ಯದ ಪದಾತಿ ದಳಗಳಲ್ಲಿ ಮಹಾರರ ಮೈಮೇಲೂ ಬಂತು. ಊರಲ್ಲಿ ಮುಟ್ಟಿಸಿಕೊಳ್ಳದವನು ಸುಬೇದಾರನಾದ. ಆದರೆ ರಾಣಿಯ ಕಮಿಷನ್ ಅವನಿಗಿರಲಿಲ್ಲ. ಎಷ್ಟು ವರ್ಷ ದುಡಿದರೂ ನಿನ್ನೆ ಬಂದ ಬಿಳಿಹುಡುಗನ ಕೈಕೆಳಗೇ. ಕೊನೆಗೆ 1890ರ ದಶಕದಲ್ಲಿ, 'ಯೋಧ ಜನಾಂಗ'ಗಳ ಸಿದ್ಧಾಂತ ಬಲವಾದಂತೆ, ಸರ್ಕಾರ ಮಹಾರರ ಭರ್ತಿಯನ್ನೇ ನಿಲ್ಲಿಸಿತು. ಹುಟ್ಟಿನಿಂದ ಶೂರ, ಹುಟ್ಟಿನಿಂದ ಅಶೂರ ಎಂಬ ಲೆಕ್ಕ. ಅಲ್ಲಿ ಕಾಸಿಗೆ ಸಿಕ್ಕುತ್ತಿದ್ದ ಕೋಟು ಇಲ್ಲಿ ಹುಟ್ಟಿಗೆ ಕಟ್ಟುಬಿತ್ತು.

ಆದರೂ ಆ ಕೋಟು ವ್ಯರ್ಥವಾಯಿತು ಅಂತ ನಾನು ಹೇಳಲಾರೆ. ಅದರ ಜೊತೆ ಸೈನ್ಯದ ಶಾಲೆಯೂ ಬಂದಿತ್ತು. ಅಂಥ ಶಾಲೆಯಲ್ಲಿ ಪಾಠ ಹೇಳಿದವರು ಸುಬೇದಾರ್ ರಾಮ್‌ಜಿ ಸಕ್ಪಾಲ್. 1891ರಲ್ಲಿ ಮಹೂ ದಂಡುಪ್ರದೇಶದಲ್ಲಿ ಹುಟ್ಟಿದ ಅವರ ಮಗ ಅಂಬೇಡ್ಕರ್. ಭರ್ತಿ ನಿಲ್ಲಿಸಿದ ಸರ್ಕಾರಕ್ಕೆ ಕೋಟು ಕಿತ್ತುಕೊಳ್ಳಲು ಆಯಿತು, ಕಲಿತ ಅಕ್ಷರವನ್ನು ಕಿತ್ತುಕೊಳ್ಳಲು ಆಗಲಿಲ್ಲ. ದಲಿತ ವಿಮರ್ಶೆ ವಸಾಹತು ಚರಿತ್ರೆಯನ್ನು ಓದುವಾಗ ಈ ಎರಡನ್ನೂ ಒಟ್ಟಿಗೇ ಲೆಕ್ಕಕ್ಕೆ ಹಿಡಿಯಬೇಕು.