ಗೋಪನ ಲೆಕ್ಕವೂ ಗೃಹಸ್ಥನ ಮರ್ಯಾದೆಯೂ

ಪ್ರಜೆಗಳ ಮನೆವಾರ್ತೆಯನ್ನು ಅರಸನು ಅರಿತಿರಬೇಕೆಂಬುದು ಈ ದೇಶದಲ್ಲಿ ಹೊಸ ಮಾತಲ್ಲ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯಪುಸ್ತಕಾಲಯದ ತಾಳೆಯೋಲೆಯ ಪ್ರತಿಯಿಂದ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಪನೆಂಬ ಅಧಿಕಾರಿಯ ಕರ್ತವ್ಯವು ಹೇಳಲ್ಪಟ್ಟಿದೆ. ನಗರದಲ್ಲಿ ತನ್ನ ಪಾಲಿಗೆ ಬಂದ ಕುಟುಂಬಗಳ ಸ್ತ್ರೀಪುರುಷರ ಜಾತಿ, ಗೋತ್ರ, ನಾಮ, ಉದ್ಯೋಗಗಳನ್ನೂ ಅವರ ಆಯವ್ಯಯಗಳನ್ನೂ ಅವನು ತಿಳಿದಿರತಕ್ಕದ್ದು. ಮನೆಗೆ ಬಂದವರನ್ನೂ ಹೋದವರನ್ನೂ ಗೃಹಸ್ವಾಮಿಯು ಅರಿಕೆ ಮಾಡತಕ್ಕದ್ದು. ಇವಲ್ಲದೆ ತಾಪಸರ, ವರ್ತಕರ, ಭಿಕ್ಷುಕಿಯರ ವೇಷದ ಗೂಢಚಾರರು ಬೇರೆ. ಮೂವರು ಚಾರರ ಮಾತು ಒಂದಾದರೆ ಮಾತ್ರ ನಂಬಬೇಕೆಂಬ ಎಚ್ಚರಿಕೆಯೂ ಅಲ್ಲಿ ಉಂಟು, ಆದರೆ "ಇಷ್ಟೆಲ್ಲವೂ ಏತಕ್ಕೆ?" ಎಂದು ಪ್ರಜೆಯು ಕೇಳತಕ್ಕ ಸ್ಥಾನವೊಂದು ಅಲ್ಲಿ ಕಾಣದು.

ಅಂತಹ ಸ್ಥಾನವಿಲ್ಲದಿದ್ದರೆ ಆಗುವುದೇನೆಂಬುದನ್ನು ಈ ಸೀಮೆಯ ಜನರು ಬಲ್ಲರು. 1938ನೆಯ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ಧ್ವಜಸತ್ಯಾಗ್ರಹಕ್ಕೆ ನೆರೆದ ನಿರಾಯುಧರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಮಡಿದರು. ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿಸಭೆಯಿದ್ದಿತು, ನ್ಯಾಯಸ್ಥಾನಗಳಿದ್ದವು; ಸರ್ಕಾರದ ಕೈಯನ್ನು ಹಿಡಿದು ನಿಲ್ಲಿಸಬಲ್ಲ ಲಿಖಿತವಾದ ಮೂಲಭೂತ ಹಕ್ಕು ಮಾತ್ರ ಇರಲಿಲ್ಲ.

ಆ ಹಕ್ಕು 1950ನೆಯ ಜನವರಿ 26ರಂದು ಸಂವಿಧಾನದೊಡನೆ ಬಂದಿತು. ಆದರೂ ಖಾಸಗಿತನವು ಅದರಲ್ಲಿ ಹೆಸರೆತ್ತಿ ಹೇಳಲ್ಪಟ್ಟಿರಲಿಲ್ಲ. ಉತ್ತರ ಪ್ರದೇಶದ ಖರಕ್ ಸಿಂಗನು ದರೋಡೆಯ ಆರೋಪದಿಂದ ಸಾಕ್ಷ್ಯವಿಲ್ಲದೆ ಬಿಡುಗಡೆಯಾಗಿದ್ದರೂ, ಪೊಲೀಸರು ಅಪರಾತ್ರಿಯಲ್ಲಿ ಅವನ ಬಾಗಿಲು ತಟ್ಟುತ್ತಿದ್ದರು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ರಾತ್ರಿಭೇಟಿಯನ್ನು ಅಸಿಂಧುವೆಂದಿತು; ಆದರೆ ಖಾಸಗಿತನವು ಸಂವಿಧಾನದತ್ತವಾದ ಹಕ್ಕಲ್ಲವೆಂದು ಬಹುಮತದಿಂದ ನುಡಿಯಿತು. ನ್ಯಾಯಮೂರ್ತಿ ಸುಬ್ಬರಾಯರು ಇದಕ್ಕೆ ಒಪ್ಪದೆ ಭಿನ್ನಾಭಿಪ್ರಾಯವನ್ನು ಬರೆದರು.

ಅರ್ಧಶತಮಾನ ಕಳೆದ ಮೇಲೆ ಈ ಗಂಟನ್ನು ಬಿಚ್ಚಿಸಿದವರು ಕನ್ನಡನಾಡಿನ ವೃದ್ಧರೊಬ್ಬರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿಯಿತ್ತರು. 2017ನೆಯ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿದರು. ಅದರೊಳಗೆ ಸರ್ಕಾರವು ಪ್ರವೇಶಿಸಬೇಕಾದರೆ ಶಾಸನದ ಆಧಾರವಿರಬೇಕು, ನ್ಯಾಯಸಮ್ಮತವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ಮೀರದ ಮಿತಿಯಿರಬೇಕು ಎಂಬುದು ಇದರಿಂದ ನೆಲೆಗೊಂಡಿತು. ಮರುವರ್ಷದ ತೀರ್ಪಿನಲ್ಲಿ ಆಧಾರ್ ಶಾಸನವು ಬಹುಮಟ್ಟಿಗೆ ಉಳಿಯಿತು. ಆದರೆ ಬ್ಯಾಂಕಿನ ಖಾತೆಗೂ ದೂರವಾಣಿಗೂ ಶಾಲೆಯ ಪ್ರವೇಶಕ್ಕೂ ಅದನ್ನು ಕಡ್ಡಾಯ ಮಾಡಕೂಡದೆಂದಾಯಿತು. ಪುಟ್ಟಸ್ವಾಮಿಯವರು 2024ರಲ್ಲಿ ಕಾಲವಾದರು.

ವಿವಾದವು ಇಲ್ಲಿಗೆ ಮುಗಿಯಲಿಲ್ಲ. 2023ರ ದತ್ತಾಂಶ ಸಂರಕ್ಷಣೆಯ ಶಾಸನವು, ತನ್ನ ಅಂಗಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರದ ಕೈಯಲ್ಲಿಯೇ ಇರಿಸಿದೆ. ರಾಜ್ಯಭಾರಕ್ಕೆ ಲೆಕ್ಕವು ಬೇಕು. ಕ್ಷಾಮದಲ್ಲಿ ಅನ್ನವನ್ನು ಹಂಚಲೂ ಲೆಕ್ಕವೇ ಆಧಾರ. ಆದರೆ ಲೆಕ್ಕ ಬರೆಯುವವನೂ ಲೆಕ್ಕ ಒಪ್ಪಿಸತಕ್ಕವನೇ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡನ್ನು ಮಾರುವ ರೈತನೂ ಚಿಂತಾಮಣಿಯ ಶಾಲಾಬಾಲಕಿಯ ತಂದೆಯೂ "ಏತಕ್ಕೆ?" ಎಂದು ಕೇಳಬಹುದಾಗಿದೆ, ಕೇಳಿದವರಿಗೆ ಉತ್ತರವೀಯುವುದು ಪ್ರಭುತ್ವದ ಅನುಗ್ರಹವಲ್ಲ, ಅದರ ಧರ್ಮ.