ಮಾರಿ, ಮೋಹಿನಿ, ಮಾಟಗಾತಿ

ಪಾಶ್ಚಾತ್ಯ ದೇಶಗಳಲ್ಲಿ ಅಕ್ಟೋಬರ್ 31ರ ರಾತ್ರಿ ನಡೆಯುವ ಹ್ಯಾಲೋವೀನ್ ಹಬ್ಬವು ಈಗ ನಮ್ಮ ನಗರವಾಸಿಗಳಿಗೂ ಅಪರಿಚಿತವಲ್ಲ. ಚೂಪು ಟೋಪಿ, ಪೊರಕೆ, ಕರಿಬೆಕ್ಕುಗಳೊಡನೆ ಚಿತ್ರಿತಳಾಗುವ ಅಲ್ಲಿಯ ಮಾಟಗಾತಿಯು ಹಾಡುಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಮಕ್ಕಳ ವೇಷಗಳಲ್ಲಿಯೂ ವಿನೋದದ ವಸ್ತುವಾಗಿದ್ದಾಳೆ. ಅವಳಿಗೆ ಸಮಾನಳಾದವಳು ಕನ್ನಡ ಜನರ ಹಾಡು ಕಥೆಗಳಲ್ಲಿ ಯಾರು, ಅವಳೊಡನೆ ನಮ್ಮವರು ಹೇಗೆ ನಡೆದುಕೊಂಡರು ಎಂಬುದನ್ನು, ಚನ್ನಪಟ್ಟಣ ಸೀಮೆಯ ಬೈರಾಪಟ್ಟಣವೇ ಮೊದಲಾದ ಬೆಂಗಳೂರು ಮೈಸೂರುಗಳ ನಡುವಣ ಗ್ರಾಮಗಳು ಸೇರಿದ ನಾಡಿನ ಸಂಪ್ರದಾಯಗಳನ್ನು ಮುಖ್ಯವಾಗಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ತಿಳಿಯಬೇಕಾದುದೇನೆಂದರೆ, ಮಾರಿ ಬೇರೆ, ಮೋಹಿನಿ ಬೇರೆ, ಮಾಟಗಾತಿ ಬೇರೆ. ಮಾರಿ ದೇವತೆ, ರೋಗವನ್ನು ತರುವವಳೂ ಅವಳೇ, ಕಳೆಯುವವಳೂ ಅವಳೇ. ಮೋಹಿನಿಯು ಆಸೆ ತೀರದೆ ಸತ್ತ ಹೆಣ್ಣಿನ ಪ್ರೇತವೆಂದು ನಂಬುಗೆ. ಮಾಟಗಾತಿಯಾದರೋ ಜೀವಂತಳಾದ ಮನುಷ್ಯಳು, ನೆರೆಮನೆಯವಳೇ ಆಗಿರಬಹುದು. ಮೊದಲಿಬ್ಬರಿಗೆ ಸಲ್ಲಿಸಿದ ಮರ್ಯಾದೆಯನ್ನು ಜನರು ಈ ಮೂರನೆಯವಳಿಗೆ ಸಲ್ಲಿಸಲಿಲ್ಲ. ಈ ಭೇದವು ಅಳಿಸಿಹೋದಲ್ಲಿಯೇ ಅನರ್ಥವು ಹುಟ್ಟುವುದೆಂಬುದು ನಮ್ಮ ಅಭಿಪ್ರಾಯ.

'ಮಾಟ' ಎಂಬ ಶಬ್ದವನ್ನೇ ನೋಡೋಣ. ಆಡು ಎಂಬುದರಿಂದ ಆಟ, ನೋಡು ಎಂಬುದರಿಂದ ನೋಟ ಬಂದಂತೆ ಮಾಡು ಎಂಬ ಧಾತುವಿನಿಂದ ಮಾಟ ಬಂದಿದೆ. ಕೆಲಸ, ರಚನೆ, ಅಂದ ಎಂಬುವು ಅದರ ಹಳೆಯ ಅರ್ಥಗಳು; 'ಮಾಟವಾದ ಮೂಗು' ಎಂದು ಇಂದಿಗೂ ಹೇಳುವೆವು. ಸಂಸ್ಕೃತದಲ್ಲಿಯೂ 'ಕೃ' ಧಾತುವಿನಿಂದ ಅಭಿಚಾರಕ್ಕೆ 'ಕೃತ್ಯಾ' ಎಂಬ ಹೆಸರು ಬಂದಿದೆ. ಹೀಗೆ ಶಬ್ದದ ಮೂಲದಲ್ಲಿ ಹೆಣ್ಣು ಗಂಡೆಂಬ ಭೇದವೇನೂ ಇಲ್ಲ. ಮಾಟಗಾರನೂ ಉಂಟು, ಮಾಟಗಾತಿಯೂ ಉಂಟು. ಆದರೆ ಬೈಗುಳವಾಗಿ ನಿಂತುದು ಸ್ತ್ರೀಲಿಂಗದ ರೂಪವೇ ಹೆಚ್ಚು.

ನಮ್ಮ ಪ್ರಾಚೀನರು ಭಯಂಕರಳಾದ ದೇವತೆಯನ್ನು ಕಂಡ ಬಗೆಗೆ ಎರಡು ನಿದರ್ಶನಗಳು ಸಾಕು. ಕ್ರಿ. ಶ. 1209ರಲ್ಲಿ ಜನ್ನನು ರಚಿಸಿದ 'ಯಶೋಧರಚರಿತೆ'ಯು ಚಂಡಮಾರಿಯ ಜಾತ್ರೆಯ ಸನ್ನಿವೇಶದಿಂದ ಕಥೆಯನ್ನು ತೊಡಗಿಸುತ್ತದೆ. ಮಾರಿದತ್ತನೆಂಬ ಅರಸನು ಬಲಿಗಾಗಿ ತರಿಸಿದ ಅಭಯರುಚಿ ಅಭಯಮತಿಯರೆಂಬ ಎಳೆಯರ ಕಥೆಯನ್ನು ಕೇಳಿ ಹಿಂಸೆಯಿಂದ ಹಿಂಜರಿಯುತ್ತಾನೆ. ಕವಿಯು ಮಾರಿಯ ಗುಡಿಯನ್ನು ಘೋರವಾಗಿ ಕಾಣಿಸಿದರೂ ದೋಷವನ್ನು ಹೊರಿಸುವುದು ಕತ್ತಿಯನ್ನು ಹಿಡಿದ ಮನುಷ್ಯನ ಮೇಲೆ. ಹಾಸನ ಜಿಲ್ಲೆಯ ದೊಡ್ಡಗದ್ದವಳ್ಳಿಯಲ್ಲಿ 1113ರ ಸುಮಾರಿನ ಲಕ್ಷ್ಮೀದೇವಿಯ ದೇವಾಲಯದೊಳಗೆ ಕಾಳಿಯ ಗುಡಿಯೊಂದಿದೆ. ಅದರ ಬಾಗಿಲಿನ ಎರಡು ಪಕ್ಕಗಳಲ್ಲಿ ಎಲುಬುಗೂಡಿನಂತಹ ಬೇತಾಳಗಳು ಕಾವಲಿಗೆ ನಿಂತಿವೆ. ಭಯವನ್ನು ಓಡಿಸದೆ ಹೊಸ್ತಿಲಿನಲ್ಲಿ ನಿಲ್ಲಿಸಿಕೊಂಡ ಬುದ್ಧಿ ಇಲ್ಲಿ ಕಾಣುತ್ತದೆ.

ಗ್ರಾಮಗಳ ಮಾರಿಹಬ್ಬದಲ್ಲಿಯೂ ಇದೇ ಬುದ್ಧಿಯಿದೆ. ಮಾರಿಯನ್ನು ಅಕ್ಕತಂಗಿಯರ ಗುಂಪೆಂದು ಭಾವಿಸಿ, ಕರೆದು, ಉಪಚರಿಸಿ, ತಮಟೆಯ ಸದ್ದಿನೊಡನೆ ಊರ ಗಡಿಯವರೆಗೆ ಕಳುಹಿಸಿ ಬರುವುದು ಹಳೆಯ ಮೈಸೂರಿನ ಅನೇಕ ಕಡೆಗಳ ಪದ್ಧತಿ. ದೇವಿಯ ಮುಂದೆ ಮರದ ಮುಖವಾಡ ತೊಟ್ಟು ಕುಣಿಯುವ ಸೋಮಗಳು ಅವಳ ಪರಿವಾರದವರು. ಅವುಗಳ ಕೋರೆಹಲ್ಲು ಭಯಕ್ಕಾಗಿ ಇದ್ದರೂ ಕುಣಿತ ಭಕ್ತಿಗಾಗಿ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನರು ಆ ಹೊಸ ರೋಗವನ್ನೂ ಬಿಡದೆ 'ಪ್ಲೇಗಿನಮ್ಮ'ನೆಂದು ಪೂಜಿಸಿದರು. ರೋಗಕ್ಕೆ ತಾಯಿಯ ಹೆಸರು ದೊರೆತಲ್ಲಿ ಊರಿನ ಮುದುಕಿಯನ್ನು ಅದಕ್ಕೆ ಹೊಣೆಯಾಗಿಸುವ ಅವಶ್ಯಕತೆ ಅಷ್ಟರಮಟ್ಟಿಗೆ ಕಡಮೆಯಾಗಿದ್ದಿರಬೇಕೆಂದು ನಮಗೆ ತೋರುತ್ತದೆ.

ಹಾಡುಗಳಲ್ಲಿ ಮಲೆಯ ಮಾದೇಶ್ವರನ ಕಾವ್ಯವು ವಿಶೇಷ ವಿಚಾರಕ್ಕೆ ಅರ್ಹವಾದುದು. ಕನಕಪುರದ ಕಡೆಯಿಂದ ಶಿವರಾತ್ರಿಗೆ ಕಾವೇರಿಯನ್ನು ಸಂಗಮದಲ್ಲಿ ದಾಟಿ ಕಾಲ್ನಡೆಯಲ್ಲಿ ಬೆಟ್ಟಕ್ಕೆ ಹೋಗುವ ಭಕ್ತರಿಗೆ ಅದು ಮನೆಯ ಮಾತು. ಕಂಸಾಳೆಯವರು ಹಾಡುವ ಸಂಕಮ್ಮನ ಸಾಲಿನಲ್ಲಿ, ಗಂಡನಾದ ನೀಲೇಗೌಡನು ಹೆಂಡತಿಯ ಶೀಲವನ್ನು ಶಂಕಿಸಿ ಬಲಗೈ ಭಾಷೆಯನ್ನು ಕೇಳುತ್ತಾನೆ. ಅವಳು ಒಪ್ಪದಿರಲು ಮಾಟಮಂತ್ರಗಳಿಂದ ಹಿಂಸಿಸಿ ಕಾಡಿಗೆ ಹೋಗುತ್ತಾನೆ. ಮಾದಪ್ಪನು ಬಂದು ಅವಳನ್ನು ಉದ್ಧರಿಸುತ್ತಾನೆ. ಇಲ್ಲಿ ಮಾಟವು ಗಂಡಸಿನ ಕೈಯಲ್ಲಿದೆ. ಹೆಣ್ಣು ಅದಕ್ಕೆ ಗುರಿಯಾದವಳು. ಜನಪದರು ಮಾಟವನ್ನು ಯಾವಾಗಲೂ ಹೆಣ್ಣಿಗೇ ಕಟ್ಟಿದರೆಂಬ ಮಾತಿಗೆ ಇದಕ್ಕಿಂತ ಬಲವಾದ ಉತ್ತರ ಬೇಕಿಲ್ಲ.

ಇನ್ನು ಮೋಹಿನಿಯ ವಿಷಯ. 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಕರ್ನಾಟಕದ ಇತರ ಕಡೆಗಳಲ್ಲಿಯೂ ಒಂದು ವದಂತಿ ಹಬ್ಬಿತು. ಹೆಣ್ಣು ದೆವ್ವವೊಂದು ರಾತ್ರಿಯಲ್ಲಿ ಮನೆಮನೆಗೆ ಬಂದು ಆಪ್ತರ ದನಿಯಲ್ಲಿ ಕರೆಯುವುದೆಂದೂ ಬಾಗಿಲು ತೆರೆದವರು ಸಾಯುವರೆಂದೂ ಜನ ಹೆದರಿದರು. ಪರಿಹಾರವಾಗಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರು. ದೆವ್ವವು ಅದನ್ನು ಓದಿಕೊಂಡು ಹಿಂದಿರುಗುವುದು. ಮರುದಿನ ಬಂದರೂ ಅದೇ ಬರಹ. ರಾತ್ರಿಯ ಒಂದೇ ಕೂಗಿಗೆ ಓಗೊಡಬಾರದೆಂಬ ಹಳೆಯ ನಂಬುಗೆಗೆ ಅಕ್ಷರಜ್ಞಾನವು ಸೇರಿ ಹುಟ್ಟಿದ ಕಥೆಯಿದು. ದೆವ್ವಕ್ಕೂ ಕನ್ನಡ ಓದು ಬರುವುದೆಂದು ಜನರು ಸಂದೇಹವಿಲ್ಲದೆ ಒಪ್ಪಿದ್ದರು! ಆ ಎರಡು ಮಾತುಗಳ ವಿನಯವನ್ನೂ ಗಮನಿಸಬೇಕು. 'ಹೋಗು' ಎನ್ನದೆ 'ಹೋಗಿ ಬಾ' ಎನ್ನುವುದು ನಮ್ಮ ಮನೆಗಳ ರೂಢಿ. ಮಾರಿಯನ್ನು ಗಡಿಯವರೆಗೆ ಕಳುಹಿಸಿದವರೇ ಮೋಹಿನಿಯನ್ನು ನಾಳೆಗೆ ಕಳುಹಿಸಿದರು. ಆ ಬರಹವು ಯಾವ ಜೀವಂತ ಹೆಂಗಸಿನ ಮೇಲೆಯೂ ಬೆರಳು ತೋರಿಸಲಿಲ್ಲ.

ಚಲಚ್ಚಿತ್ರವು ಈ ಭೇದಗಳನ್ನು ಕಲೆಸಿತು. ಮಲಯಾಳದ 'ಮಣಿಚಿತ್ರತಾಳ್' (1993) ಚಿತ್ರವನ್ನು ಆಧರಿಸಿ ಪಿ. ವಾಸು ಅವರು ನಿರ್ದೇಶಿಸಿದ 'ಆಪ್ತಮಿತ್ರ' (2004) ಚಿತ್ರದಲ್ಲಿ ನಾಗವಲ್ಲಿಯ ಆವೇಶವು ಮನೋರೋಗವೆಂದು ವೈದ್ಯನು ವಿವರಿಸುತ್ತಾನೆ. ಆದರೆ ಜನರ ನೆನಪಿನಲ್ಲಿ ಉಳಿದುದು ವೈದ್ಯನ ವಿವರಣೆಗಿಂತ ನಾಗವಲ್ಲಿಯ ತೆಲುಗು ಹಾಡು ಮತ್ತು ಕುಣಿತ. 'ನಾಳೆ ಬಾ' ಕಥೆಯಾದರೋ ಮಧ್ಯಪ್ರದೇಶದ ಚಂದೇರಿಗೆ ವರ್ಗವಾಗಿ 'ಸ್ತ್ರೀ' (2018) ಎಂಬ ಹಿಂದೀ ಹಾಸ್ಯಚಿತ್ರವಾಯಿತು.

ಹಾಸ್ಯಕ್ಕೆ ನಾವು ವಿರೋಧಿಗಳಲ್ಲ. ಆದರೆ ಯೂರೋಪಿನಲ್ಲಿ ಹದಿನೈದರಿಂದ ಹದಿನೆಂಟನೆಯ ಶತಮಾನದವರೆಗೆ ಮಾಟದ ಆರೋಪದಿಂದ ಸುಮಾರು 40,000ದಿಂದ 50,000 ಜನರು ಮರಣದಂಡನೆಗೆ ಗುರಿಯಾದರೆಂದೂ ಅವರಲ್ಲಿ ಹೆಚ್ಚಿನವರು ಹೆಂಗಸರೆಂದೂ ಚರಿತ್ರಕಾರರ ಅಂದಾಜು. ಅಮೆರಿಕದ ಸೇಲಂನಲ್ಲಿ 1692ರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಆ ವಿಚಾರಣೆಗಳಲ್ಲಿ ಅಪರಾಧಿಯೆನಿಸಿಕೊಂಡವರಲ್ಲಿ ಕಡೆಯವಳ ಹೆಸರು ನಿರ್ದೋಷವಾದುದು 2022ರಲ್ಲಿ. ಹ್ಯಾಲೋವೀನಿನ ವಿನೋದದ ಹಿಂದೆ ಈ ಚರಿತ್ರೆಯಿದೆ. ನಮ್ಮಲ್ಲಿಯೂ ಬೀದರ, ಕಲಬುರಗಿ ಪ್ರಾಂತಗಳಲ್ಲಿಯೂ ನೆರೆಯ ತೆಲಂಗಾಣದಲ್ಲಿಯೂ ಭಾನಾಮತಿಯ ಶಂಕೆಯಿಂದ ಜನರನ್ನು ಹಿಂಸಿಸಿದ ಪ್ರಕರಣಗಳು ನಡೆದಿವೆ. ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯಲು ಕರ್ನಾಟಕವು 2017ರಲ್ಲಿ ಕಾನೂನು ಮಾಡಿ 2020ರಲ್ಲಿ ಜಾರಿಗೆ ತಂದಿತು. ಕಾನೂನು ಹಿಂಸೆಯನ್ನು ದಂಡಿಸಬಲ್ಲುದು. ಶಂಕೆಯನ್ನು ಕಳೆಯುವ ಕೆಲಸ ವಿದ್ಯೆಗೂ ಸಾಹಿತ್ಯಕ್ಕೂ ಸೇರಿದುದು.

ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು 1994ರಲ್ಲಿ ನೆಲೆಗೊಳಿಸಿದ ಜಾನಪದ ಲೋಕದಲ್ಲಿ ಈ ನಾಡಿನ ಜನಪದ ವಸ್ತುಗಳು ರಕ್ಷಿತವಾಗಿವೆ. ವಸ್ತುಗಳೊಡನೆ ಈ ಸೀಮೆಯ ಮಾರಿಹಾಡುಗಳನ್ನೂ 'ನಾಳೆ ಬಾ' ಕಾಲದ ನೆನಪುಗಳನ್ನೂ ಬಲ್ಲವರು ಬದುಕಿರುವಾಗಲೇ ಗ್ರಾಮಗ್ರಾಮಗಳಲ್ಲಿ ಬರೆದುಕೊಳ್ಳಬೇಕು. ಬರೆದುಕೊಳ್ಳುವವರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳಲಿ: ಊರಿನಲ್ಲಿ ಮಾಟಗಾತಿಯೆಂದು ಕರೆಯಿಸಿಕೊಂಡವಳು ಇದ್ದಳೇ, ಅವಳ ಮನೆಯ ಬಾಗಿಲಿಗೆ ಜನರು ಏನನ್ನು ಮಾಡಿದರು? ಮಾರಿಯನ್ನು ಕಳುಹಿಸಿದ ಕಥೆಯನ್ನು ಹಾಡು ಉಳಿಸಿಕೊಂಡಿದೆ. ಈ ಕಥೆಯನ್ನು ಉಳಿಸಿದ ಹಾಡುಗಳು ವಿರಳ.